ಅಪ್ಪನ ಕಿವಿ ಮತ್ತು ಸಿಳ್ಳೆ ಹಾಕುವ ಪೆಟ್ಟಿಗೆ

ಮಕ್ಕಳೇ, ಒಂದು ದಿನ ವಿಜ್ಞಾನದ ಪಾಠ ಮುಗಿದ ಮೇಲೆ ಐದನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಸರ್, ಗುಡ್ಡದ ಮ್ಯಾಲ ಮೊಬೈಲ್ ಟವರ್ ಇರೂದಿಲ್ಲಲ್ರಿ. ಮಿಲಿಟ್ರಿಯವ್ರು ಮೆಸೇಜ್ ಹೆಂಗ ಕಳಸ್ತಾರ್ರಿ?"

ಅವಳ ಅಣ್ಣ ಸೈನ್ಯದಲ್ಲಿದ್ದಾನೆ. ನಮ್ಮ ಬೈಲಹೊಂಗಲ, ಕಿತ್ತೂರು ಕಡೆ ಇದು ಹೊಸ ಮಾತಲ್ಲ. ರಾಣಿ ಚೆನ್ನಮ್ಮನ ಸಮಾಧಿ ಇರುವ ಊರು ನಮ್ಮದು. ಸಂಗೊಳ್ಳಿ ರಾಯಣ್ಣ ಹುಟ್ಟಿದ ತಾಲ್ಲೂಕು ನಮ್ಮದು. ಸೈನಿಕರ ಮನೆಗಳು ಇಲ್ಲಿ ಹಳ್ಳಿಹಳ್ಳಿಗೂ ಇವೆ. ನಮ್ಮದೂ ಅಂಥದೇ ಒಂದು ಮನೆ. ಹುಡುಗಿಯ ಪ್ರಶ್ನೆಗೆ ಉತ್ತರವನ್ನು ನಾನು ಕಲಿತದ್ದು ನಮ್ಮ ಅಪ್ಪನಿಂದ.

ಅಪ್ಪ ಭೂಸೇನೆಯ ಸಿಗ್ನಲ್ಸ್ ದಳದಲ್ಲಿದ್ದರು. ಸೈನ್ಯದ ಸಂದೇಶಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದು ಈ ದಳದ ಕೆಲಸ. 1911ರಲ್ಲಿ ಹುಟ್ಟಿದ ಈ ದಳದ ಧ್ಯೇಯವಾಕ್ಯ 'ತೀವ್ರ ಚೌಕಸ್'. ಬೇಗ ಮುಟ್ಟಿಸು, ಎಚ್ಚರದಿಂದ ಮುಟ್ಟಿಸು ಎಂದು ಅದರ ಭಾವ. ಗೋವಾದ ತರಬೇತಿ ಕೇಂದ್ರದಲ್ಲಿ ಕಲಿತು ಅಪ್ಪ ರೇಡಿಯೊ ಆಪರೇಟರ್ ಆದರು. ವರ್ಷಗಟ್ಟಲೆ ಹೆಡ್‌ಫೋನಿನ ಕರಕರ ಸದ್ದು ಕೇಳಿಯೇ ತಮ್ಮ ಬಲಗಿವಿ ಮಂದವಾಯಿತು ಎನ್ನುತ್ತಾರೆ.

ಅವರಿಗೆ ಒಂದು ಅಭ್ಯಾಸವಿದೆ. ಏನು ಹೇಳಿದರೂ ಅದನ್ನು ತಿರುಗಿ ಹೇಳುತ್ತಾರೆ. ಅವ್ವ "ಸಂತಿಯಿಂದ ಎರಡು ಕಿಲೋ ಉಳ್ಳಾಗಡ್ಡಿ ತರ್ರಿ" ಎಂದರೆ "ಉಳ್ಳಾಗಡ್ಡಿ. ಎರಡು ಕಿಲೋ. ಹೌದಿಲ್ಲೋ?" ಎಂದು ಕೇಳಿಯೇ ಚೀಲ ಹಿಡಿಯುತ್ತಾರೆ. ಚಿಕ್ಕವನಿದ್ದಾಗ ನನಗೆ ಇದು ನಗೆಯ ವಿಷಯವಾಗಿತ್ತು. ಕಾರಣ ತಿಳಿದದ್ದು ನಾನು ಶಿಕ್ಷಕನಾದ ಮೇಲೆ.

ಒಂದು ಚಳಿಗಾಲದ ರಾತ್ರಿ. ಎತ್ತರದ ಗುಡ್ಡಗಾಡು. ಎಲ್ಲಿ ಎಂದು ಅಪ್ಪ ಇವತ್ತಿಗೂ ಹೇಳಿಲ್ಲ. "ಅದನ್ನ ಕೇಳಬ್ಯಾಡ ತಮ್ಮಾ" ಎನ್ನುತ್ತಾರೆ. ಕಾಯಿಲೆ ಬಿದ್ದ ಸೈನಿಕನೊಬ್ಬ ಎಲ್ಲಿದ್ದಾನೆ ಎಂಬುದನ್ನು ದೂರದ ಠಾಣೆಯವರು ರೇಡಿಯೊದಲ್ಲಿ ಅಂಕಿಗಳಲ್ಲಿ ಹೇಳುತ್ತಿದ್ದರು. ಸೈನ್ಯದ ನಕ್ಷೆಯಲ್ಲಿ ಪ್ರತಿಯೊಂದು ಜಾಗಕ್ಕೂ ಅಂಕಿಗಳ ಗುರುತು ಇರುತ್ತದೆ. ಆಚೆಯಿಂದ ಹಿಂದಿಯಲ್ಲಿ ಬಂದದ್ದು 'ಚಾರ್, ಸಾತ್, ದೋ'. ಅಂದರೆ 4, 7, 2. ಅಪ್ಪನಿಗೆ ಕೇಳಿಸಿದ್ದು 'ಚಾರ್, ಆಠ್, ದೋ'. ಅಂದರೆ 4, 8, 2. ಪದ್ಧತಿಯಂತೆ ಅಪ್ಪ ತಿರುಗಿ ಹೇಳಿದರು. ಆ ಗದ್ದಲದಲ್ಲಿ ಆಚೆಯವರಿಗೆ ಅವರ 'ಆಠ್' ಕೂಡ 'ಸಾತ್' ಎಂದೇ ಕೇಳಿಸಿತು. "ಸರಿ" ಎಂದುಬಿಟ್ಟರು.

ಆ ಒಂದು ಅಂಕಿಯಿಂದ ನಕ್ಷೆಯ ಮೇಲೆ ಒಂದು ಕಿಲೋಮೀಟರ್ ವ್ಯತ್ಯಾಸವಾಯಿತು. ಬಯಲುಸೀಮೆಯಲ್ಲಿ ಒಂದು ಕಿಲೋಮೀಟರ್ ಎಂದರೆ ಕೂಗಳತೆಯ ಹೊಲ. ಗುಡ್ಡದಲ್ಲಿ ಅದು ಬೇರೆಯೇ ಕೊಳ್ಳ. ಹುಡುಕಲು ಹೋದವರು ಹೊತ್ತು ಮೂಡುವ ತನಕ ತಪ್ಪು ಕೊಳ್ಳದಲ್ಲಿ ಅಲೆದರು. ಸೈನಿಕ ಬದುಕಿದ. ಆದರೆ ಹಿಮಕ್ಕೆ ಅವನ ಕಾಲಿನ ಬೆರಳುಗಳು ಹೋದವು.

ಅಪ್ಪ ಇದನ್ನು ತಮ್ಮ ಕಿವಿಯ ತಪ್ಪು ಎಂದೇ ತಿಳಿದಿದ್ದರು. ವಿಜ್ಞಾನ ಬೇರೆ ಮಾತು ಹೇಳುತ್ತದೆ. ಸೈನ್ಯದ ದೂರದ ರೇಡಿಯೊಗಳು ಮಾತಿನ ಧ್ವನಿಯಲ್ಲಿ ಸುಮಾರು 300ರಿಂದ 3000 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಸಾಗಿಸುತ್ತವೆ. 'ಸ' ಎಂಬ ಅಕ್ಷರದ ಬುಸುಗುಟ್ಟುವ ಸದ್ದಿನ ಹೆಚ್ಚಿನ ಪಾಲು ಇರುವುದು ಅದಕ್ಕಿಂತ ಮೇಲೆ. ಆ ಪಾಲು ರೇಡಿಯೊದಲ್ಲೇ ಉಳಿದುಬಿಡುತ್ತದೆ. 'ಸಾತ್' ಎಂಬುದರಿಂದ 'ಸ' ಹೋದರೆ ಏನು ಉಳಿಯುತ್ತದೆ? ನೀವೇ ಹೇಳಿ ನೋಡಿ.

ಇನ್ನೊಂದು ತೊಂದರೆಯೂ ಇತ್ತು. ದೂರದ ಮಾತಿಗೆ ಬಳಸುವ 3ರಿಂದ 30 ಮೆಗಾಹರ್ಟ್ಸ್‌ನ ರೇಡಿಯೊ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ, ಬಾಗಿ, ಮತ್ತೆ ನೆಲಕ್ಕೆ ಬರುತ್ತವೆ. ಒಂದೇ ಅಲೆ ಎರಡು ಮೂರು ದಾರಿಗಳಲ್ಲಿ ಬಂದು ಒಂದನ್ನೊಂದು ಅಳಿಸುವುದೂ ಉಂಟು. ಆಗ ಧ್ವನಿ ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ದೂರದ ಸಿಡಿಲಿನ ಕರಕರವೂ ಅದಕ್ಕೆ ಸೇರುತ್ತದೆ.

ಅಪ್ಪನ ಸೇವೆಯ ಕೊನೆಯ ವರ್ಷಗಳಲ್ಲಿ ರೇಡಿಯೊದ ಪಕ್ಕಕ್ಕೆ ಒಂದು ಪೆಟ್ಟಿಗೆ ಬಂತು. ಅದೇ ಮೋಡೆಮ್. ಕೀಲಿಮಣೆಯಲ್ಲಿ ಸಂದೇಶ ಬರೆದು ಗುಂಡಿ ಒತ್ತಿದರೆ ರೇಡಿಯೊ ಸಿಳ್ಳೆ ಹಾಕಿದಂತೆ ಸದ್ದು ಮಾಡುತ್ತಿತ್ತು. ಆಚೆ ಕಡೆಯ ಪೆಟ್ಟಿಗೆ ಆ ಸಿಳ್ಳೆ ಕೇಳಿ ಅಕ್ಷರ ಬರೆಯುತ್ತಿತ್ತು.

ಇದು ಹೇಗೆ ಸಾಧ್ಯ? ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಮಾತ್ರ. ಕನ್ನಡದ 'ಬ' ಅಕ್ಷರಕ್ಕೆ ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ 3244 ಎಂಬ ಸಂಖ್ಯೆ ಇದೆ. 0 ಮತ್ತು 1ರಲ್ಲಿ ಬರೆದರೆ ಅದು 110010101100. ರೇಡಿಯೊ ಇರುವುದು ಮಾತಿಗಾಗಿ. ಅದಕ್ಕೆ 0 ಮತ್ತು 1 ತಿಳಿಯದು. ಆದ್ದರಿಂದ ಮೋಡೆಮ್ 1 ಬಂದರೆ ಒಂದು ಸ್ವರ, 0 ಬಂದರೆ ಇನ್ನೊಂದು ಸ್ವರ ನುಡಿಸುತ್ತದೆ. ಎರಡೂ ಸ್ವರಗಳು 300ರಿಂದ 3000 ಹರ್ಟ್ಸ್‌ನ ಒಳಗೇ ಇರುತ್ತವೆ. ಆದ್ದರಿಂದ ರೇಡಿಯೊ ಅವನ್ನು ಮಾತೆಂದೇ ತಿಳಿದು ಸಾಗಿಸುತ್ತದೆ. ಶಾಲೆಯ ಗಂಟೆ ಒಂದೊಂದೇ ಏಟು ಬಿದ್ದರೆ ಪ್ರಾರ್ಥನೆ, ಬಿಡದೆ ಬಾರಿಸಿದರೆ ಮನೆಗೆ ಎಂದು ನಿಮಗೆ ಗೊತ್ತಾಗುವುದಿಲ್ಲವೇ? ಹಾಗೆಯೇ ಇದು. ಸ್ವರಕ್ಕೆ ಏರಿಸುವ 'ಮಾಡ್ಯುಲೇಟರ್', ಸ್ವರದಿಂದ ಇಳಿಸುವ 'ಡಿಮಾಡ್ಯುಲೇಟರ್' ಎಂಬ ಎರಡು ಪದಗಳ ತುಂಡುಗಳು ಸೇರಿ ಮೋಡೆಮ್ ಎಂಬ ಹೆಸರಾಗಿದೆ.

'ಬೈಲಹೊಂಗಲ' ಎಂದು ಬರೆಯಲು ಯೂನಿಕೋಡಿನ 8 ಸಂಕೇತಗಳು ಬೇಕು. ಒಂದಕ್ಕೆ 16 ಬಿಟ್‌ನಂತೆ 128 ಬಿಟ್. ಬಿಟ್ ಎಂದರೆ ಒಂದು 0 ಅಥವಾ ಒಂದು 1. ಇಂಥ ರೇಡಿಯೊ ಮೋಡೆಮ್ ಆಕಾಶ ಚೆನ್ನಾಗಿದ್ದಾಗ ಸೆಕೆಂಡಿಗೆ 2400 ಬಿಟ್ ಕಳಿಸಬಲ್ಲದು. ಗದ್ದಲ ಹೆಚ್ಚಿದ್ದರೆ 75ಕ್ಕೆ ಇಳಿಯುತ್ತದೆ. ಆಗಲೂ ನಮ್ಮ ಊರಿನ ಹೆಸರು ಎರಡು ಸೆಕೆಂಡಿನೊಳಗೆ ಹೋಗುತ್ತದೆ. ಗದ್ದಲದಲ್ಲಿ ನಾವು ನಿಧಾನವಾಗಿ, ಬಿಡಿಸಿ ಮಾತನಾಡುವುದಿಲ್ಲವೇ? ಪೆಟ್ಟಿಗೆಯೂ ಅದನ್ನೇ ಮಾಡುತ್ತದೆ.

ಆದರೆ ಸಿಳ್ಳೆಯನ್ನೂ ಸಿಡಿಲು ಕೆಡಿಸಬಹುದಲ್ಲ? ಹೌದು. ಅದಕ್ಕೇ ಪೆಟ್ಟಿಗೆ ಮೂರು ಉಪಾಯ ಹೂಡುತ್ತದೆ. ಒಂದು, ಬಿಟ್‌ಗಳನ್ನು ಅಕ್ಕಡಿ ಬೆಳೆಯಂತೆ ಬೆರೆಸಿ ಕಳಿಸುತ್ತದೆ. ಹೊಲದ ಒಂದು ಮೂಲೆಯನ್ನು ಹಂದಿ ಮೇಯ್ದರೆ ಎಲ್ಲ ಬೆಳೆಯಲ್ಲೂ ತುಸು ಹೋಗುತ್ತದೆ, ಯಾವ ಬೆಳೆಯೂ ಪೂರ್ತಿ ಹೋಗುವುದಿಲ್ಲ. ಎರಡು, ಹೋದ ತುಸುವನ್ನು ತುಂಬಿಕೊಳ್ಳಲು ಹೆಚ್ಚಿನ ಬಿಟ್‌ಗಳನ್ನು ಸೇರಿಸುತ್ತದೆ. ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಂಥ ಲೆಕ್ಕವೊಂದನ್ನು ಅಮೆರಿಕದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು. ಮೂರು, ಸಂದೇಶದ ಕೊನೆಗೆ ಒಂದು ತಾಳೆಯ ಲೆಕ್ಕ ಇಡುತ್ತದೆ. ಲೆಕ್ಕ ಕೂಡದಿದ್ದರೆ ಆಚೆಯ ಪೆಟ್ಟಿಗೆ "ಮತ್ತೆ ಕಳಿಸು" ಎನ್ನುತ್ತದೆ.

ಶತ್ರುವಿಗೆ ತಿಳಿಯದಂತೆ ಸಂದೇಶವನ್ನು ಗುಟ್ಟಾಗಿಸುವುದು ಬೇರೆಯೇ ಕೆಲಸ, ಅದು ಮೋಡೆಮ್‌ನದಲ್ಲ. ಸೈನ್ಯಕ್ಕೆ ರೇಡಿಯೊಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆ ನಮ್ಮ ರಾಜ್ಯದಲ್ಲೇ ಇದೆ. ಅದು 1954ರಲ್ಲಿ ಆರಂಭವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್.

ಹುಡುಗಿಯ ಪ್ರಶ್ನೆಗಾಗಿ ನಾನು ಅಪ್ಪನನ್ನೇ ಶಾಲೆಗೆ ಕರೆದೆ. ಪಡಸಾಲೆಯ ಎರಡು ತುದಿಗೆ ಇಬ್ಬರನ್ನು ನಿಲ್ಲಿಸಿದೆವು. ನಡುವೆ ಉಳಿದವರು ಬಿಸಿಯೂಟದ ತಾಟು ಬಡಿಯುತ್ತಿದ್ದರು. ಮೊದಲು ಬರೀ ಮೂರು ಅಂಕಿ ಕೂಗಿದರು. ತಪ್ಪು ಆದದ್ದೇ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಪ್ಪ ತಾಳೆಯ ಲೆಕ್ಕ ಕಲಿಸಿದರು. 4, 7, 2 ಕೂಡಿದರೆ 13. ಅದರ ಕೊನೆಯ ಅಂಕಿ 3. ಆದ್ದರಿಂದ 4, 7, 2, 3 ಎಂದು ಕೂಗಬೇಕು. ಕೇಳಿದವನು 4, 8, 2, 3 ಎಂದು ಬರೆದುಕೊಂಡ. ಕೂಡಿ ನೋಡಿದರೆ 14. ಕೊನೆಗೆ 4 ಬರಬೇಕಿತ್ತು. "ತಪ್ಪೈತ್ರಿ! ಮತ್ತ ಹೇಳು!" ಎಂದು ಕೂಗಿದ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ರಾತ್ರಿಯ ಕಥೆಯನ್ನು ಮಕ್ಕಳಿಗೆ ಹೇಳಿದರು. "ಅವತ್ತ ನಾನೂ ತಿರುಗಿ ಹೇಳಿದ್ನೆಪಾ. ಅದ ಗದ್ದಲದಾಗ, ಅದ ಶಬ್ದ ತಿರುಗಿ ಹೇಳಿದ್ರ ತಪ್ಪೂ ತಿರುಗಿ ಬರತೈತಿ. ಲೆಕ್ಕ ಬ್ಯಾರೆ ಇರಬೇಕು. ಇನ್ನೊಂದು ನೆನಪಿಡ್ರಿ. ನೀವ ತಪ್ಪು ಬರದ್ರ, ಪೆಟ್ಟಿಗಿ ಆ ತಪ್ಪನ್ನೂ ನೆಟ್ಟಗ ಮುಟ್ಟಸ್ತೈತಿ."

ಆಗ ಅದೇ ಹುಡುಗಿ ಕೈ ಎತ್ತಿದಳು: "ಅಜ್ಜಾರ, 4, 7 ಅನ್ನೂದು 7, 4 ಅಂತ ಹಿಂದ ಮುಂದ ಆದ್ರ? ಕೂಡಿದ್ರ 13 ಬರತೈತಲ್ರಿ!"

ಅಪ್ಪ ಎಡಗಿವಿಯನ್ನು ಮುಂದೆ ತಂದು ಪ್ರಶ್ನೆಯನ್ನು ತಿರುಗಿ ಹೇಳಿದರು. ಸರಿ ಎಂದು ಖಚಿತವಾದ ಮೇಲೆ ನಕ್ಕರು. ಮೋಡೆಮ್‌ಗಳ ತಾಳೆಯ ಲೆಕ್ಕ ಬರೀ ಕೂಡುವುದಕ್ಕಿಂತ ಕಠಿಣವಾಗಿರುವುದು ಇದಕ್ಕೇ.

ನೀವೂ ಮಾಡಿ ನೋಡಿ: ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ, ಆಮೇಲೆ ಕೂಡಿ. 4, 7, 2ಕ್ಕೂ 7, 4, 2ಕ್ಕೂ ಕೊನೆಯ ಅಂಕಿ ಒಂದೇ ಬರುತ್ತದೆಯೇ? ಈ ಲೆಕ್ಕವನ್ನೂ ಮೋಸಗೊಳಿಸುವ ತಪ್ಪೊಂದನ್ನು ಹುಡುಕಬಲ್ಲಿರಾ?