ಲಾಲಿಯ ಐದು ದಿನ

ನಮ್ಮ ಹಿತ್ತಲಿನ ಕೋಳಿಗಳು ದಾದಿಯವು. ಮನೆಯಲ್ಲಿ ದಾದಿಗೆಂದು ಬೇರೆ ಆದಾಯವಿಲ್ಲ. ನಾಟಿ ಮೊಟ್ಟೆ ಮಾರಿ ಬಂದ ದುಡ್ಡೇ ಅವರ ಎಲೆ ಅಡಿಕೆಗೆ, ಈದ್ ದಿನ ನಮಗೆ ಕೊಡುವ ಈದಿಗೆ. ಆದ್ದರಿಂದ ಮಗ್ರಿಬ್ ಅಜಾನ್ ಆಗುವ ಮೊದಲು ಅವರು ಒಂದೊಂದನ್ನೂ ಎಣಿಸಿ ಗೂಡಿಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಅವುಗಳಲ್ಲಿ ಹೆಸರಿದ್ದದ್ದು ಒಂದಕ್ಕೇ. ಕೆಂಪು ಗರಿಯ ಹೇಂಟೆ, ಲಾಲಿ. ಕಳೆದ ವರ್ಷ ಹನ್ನೊಂದು ಮೊಟ್ಟೆಗೆ ಕಾವು ಕೂತು ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಮಾಡಿದ್ದಳು.

ನಮ್ಮ ಅರ್ಧವಾರ್ಷಿಕ ಪರೀಕ್ಷೆಗೆ ಒಂದು ವಾರ ಇತ್ತು. ಭಾನುವಾರ ಬೆಳಿಗ್ಗೆ ಉಳಿದ ಕೋಳಿಗಳು ಜೋಳಕ್ಕೆ ಮುಗಿಬಿದ್ದರೆ ಲಾಲಿ ದಾಸವಾಳದ ಗಿಡದ ಬುಡದಲ್ಲಿ ಒಬ್ಬಳೇ ನಿಂತಿದ್ದಳು. ಗರಿ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು, ಕಣ್ಣು ಅರ್ಧ ಮುಚ್ಚಿ. ಜುಟ್ಟಿನ ಕೆಂಪು ಮಾಸಿತ್ತು. ಹಿಕ್ಕೆ ಹಸಿರಾಗಿ ನೀರು ನೀರಾಗಿತ್ತು. ದಾದಿ ಎತ್ತಿಕೊಂಡು ಕುತ್ತಿಗೆಯ ಬುಡದ ಕಾಳಿನ ಚೀಲ ಮುಟ್ಟಿ ನೋಡಿದರು. ರಾತ್ರಿ ತಿಂದದ್ದು ಬೆಳಗಾಗುವಷ್ಟರಲ್ಲಿ ಕರಗಿ ಆ ಚೀಲ ಖಾಲಿಯಾಗಿರಬೇಕು. ಲಾಲಿಯದು ಮೆತ್ತಗೆ ತುಂಬಿಕೊಂಡೇ ಇತ್ತು.

ಪಕ್ಕದ ಮನೆಯ ಖಾಲಾ ಗೋಡೆಯ ಆಚೆಯಿಂದಲೇ ನೋಡಿ, "ಇದು ಕೊಕ್ಕರೆ ರೋಗ. ಇವತ್ತೇ ಕೊಯ್ದುಬಿಡಿ, ನಾಳೆಗೆ ಉಳಿಯಲ್ಲ" ಅಂದರು. ಅಬ್ಬಾನೂ ಅದನ್ನೇ ಹೇಳಿದರು. "ತಾನಾಗಿ ಸತ್ತರೆ ಹರಾಮ್, ಯಾರಿಗೂ ದಕ್ಕಲ್ಲ. ಜೀವ ಇರುವಾಗಲೇ ಬಿಸ್ಮಿಲ್ಲಾ ಹೇಳಿ ಕೊಯ್ದರೆ ಒಂದು ಹೊತ್ತಿನ ಊಟವಾದರೂ ಆಗುತ್ತೆ." ಅಬ್ಬಾ ಕಲ್ಲುಮನಸ್ಸಿನವರಲ್ಲ. ನಮ್ಮ ಮನೆಯಲ್ಲಿ ಯಾವುದನ್ನೂ ದಂಡ ಮಾಡುವ ಹಾಗಿಲ್ಲ, ಅಷ್ಟೆ. ಆದರೂ ಅವರಿಗೆ ಅನುಮಾನ ಬಂದು ಜೊಹರ್ ನಮಾಜ್ ಮುಗಿಸಿ ಹಜ್ರತರನ್ನು ಕೇಳಿಕೊಂಡು ಬಂದರು. "ಜೀವ ಇದ್ದರೆ ಜಬಹ್ ಆಗುತ್ತೆ. ಆದರೆ ತಿಂದರೆ ಕೆಡುಕು ಅನ್ನುವುದನ್ನು ತಿನ್ನಬೇಡಿ. ಯಾವ ಕಾಯಿಲೆ ಅಂತ ಮೊದಲು ಡಾಕ್ಟರನ್ನು ಕೇಳಿ" ಎಂದರಂತೆ. ಲಾಲಿಗೆ ಒಂದು ದಿನ ಸಿಕ್ಕಿತು.

ಸೋಮವಾರ ನಾನು ಮತ್ತು ದಾದಿ ಅವಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಮ್ಮೆ ಹಸುಗಳ ನಡುವೆ ಕೋಳಿ ಹಿಡಿದು ನಿಂತ ನಮ್ಮನ್ನು ನೋಡಿ ಇಬ್ಬರು ನಕ್ಕರು. ಡಾಕ್ಟರ್ ನಗಲಿಲ್ಲ. ಕೊಕ್ಕು ಬಿಡಿಸಿ ಗಂಟಲು ನೋಡಿದರು, ರೆಕ್ಕೆ ಎಳೆದು ಬಿಟ್ಟರು, ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ಹೊಟ್ಟೆ ಒತ್ತಿ ನೋಡಿದರು.

"ಅಜ್ಜಿ, ನೋಡಿದ ಮಾತ್ರಕ್ಕೆ ಇಂಥದ್ದೇ ಅಂತ ಹೇಳೋಕೆ ಆಗಲ್ಲ" ಅಂದರು. ಕೊಕ್ಕರೆ ರೋಗದಲ್ಲಿ ಹಸಿರು ಭೇದಿ ಇರುತ್ತದೆ, ನಿಜ. ಆದರೆ ಎರಡು ದಿನ ಮೇವು ಬಿಟ್ಟ ಯಾವ ಕೋಳಿಯ ಹಿಕ್ಕೆಯೂ ಪಿತ್ತದಿಂದ ಹಸಿರಾಗುತ್ತದೆ. ಕತ್ತು ತಿರುಚಿಲ್ಲ, ಕಾಲು ಸೋತಿಲ್ಲ, ಬಾಯಿ ತೆರೆದು ಉಸಿರಾಡುತ್ತಿಲ್ಲ. ಆದರೆ ಈ ಲಕ್ಷಣಗಳು ಎಲ್ಲ ಕೋಳಿಗಳಲ್ಲೂ ಕಾಣಿಸಲೇಬೇಕೆಂದಿಲ್ಲ. ಜಂತುಹುಳ ಇರಬಹುದು, ಕಾಳಿನ ಚೀಲ ಹುಳಿತಿರಬಹುದು. ಕೊಕ್ಕರೆ ರೋಗವೇ ಆಗಿದ್ದರೆ ಅದು ವೈರಸ್, ಅದನ್ನು ಗುಣಪಡಿಸುವ ಔಷಧ ಇಲ್ಲ, ಮೊದಲೇ ಹಾಕಿಸುವ ಲಸಿಕೆ ಮಾತ್ರ ಇದೆ ಎಂದು ವಿವರಿಸಿದರು. ನಾವು ಪುಸ್ತಕದಲ್ಲಿ ರಾಣಿಖೇತ್ ಎಂದು ಓದುವುದು ಇದನ್ನೇ. ಉತ್ತರಾಖಂಡದ ಗಿರಿಪಟ್ಟಣದ ಹೆಸರು ಅದು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ್ದರಿಂದ ಹೊರದೇಶಗಳಲ್ಲಿ ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ.

"ಕಾಯಿಲೆ ಗೊತ್ತಾಗದ ಕೋಳಿಯನ್ನು ಕೊಯ್ದು ತಿನ್ನೋದು ಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಏನಮ್ಮಾ, ಇತ್ತೀಚೆಗೆ ಹೊರಗಿನಿಂದ ಹೊಸ ಕೋಳಿ ಏನಾದರೂ ತಂದಿದ್ದಿರಾ? ಯಾವುದಾದರೂ ಸತ್ತಿತ್ತಾ?"

ನಾನು, "ಎರಡು ತಂದಿದ್ವಿ ಸರ್. ಒಂದನ್ನು ಬೆಕ್ಕು ಹಿಡೀತು" ಅಂದೆ. ದಾದಿ ಹೌದೆಂದು ತಲೆಯಾಡಿಸಿದರು. ಅವರಿಗೆ ನಾನು ಹೇಳಿದ್ದೂ ಅದನ್ನೇ.

ಅದು ಸುಳ್ಳು. ಹನ್ನೆರಡು ದಿನದ ಹಿಂದೆ, ಕೂಡಿಟ್ಟ ದುಡ್ಡಿನಲ್ಲಿ ದಾದಿಗೆ ಉಡುಗೊರೆ ಎಂದು ಸಂತೆಯಿಂದ ಎರಡು ಪಿಳ್ಳೆ ತಂದಿದ್ದೆ. ಅವತ್ತೇ ಸಂಜೆ ಎಲ್ಲವುಗಳ ಜೊತೆ ಗೂಡಿಗೆ ಬಿಟ್ಟೆ. ಅದರಲ್ಲಿ ಒಂದು ಮೊದಲ ದಿನದಿಂದಲೇ ಸೀನುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಸತ್ತು ಬಿದ್ದಿತ್ತು. ಸಂತೆಯವನು ಮೋಸ ಮಾಡಿದ, ನಾನು ದಡ್ಡಿಯಾದೆ ಎಂದು ನಾಚಿಕೆಯಾಗಿ, ಯಾರೂ ಏಳುವ ಮೊದಲೇ ತೆಂಗಿನ ಮರದ ಹಿಂದೆ ಹೂತು ಬಂದು ಬೆಕ್ಕಿನ ಕತೆ ಹೇಳಿದ್ದೆ.

ಡಾಕ್ಟರ್ ಜಂತುಹುಳದ ಔಷಧ ಕೊಟ್ಟು, ಲಾಲಿಯನ್ನು ಬೇರೆ ಇಡಲು ಹೇಳಿದರು. ಹಳೆಯ ಬಚ್ಚಲಮನೆಯಲ್ಲಿ ಗೋಣಿ ಹಾಸಿ, ಒಂದು ಬಲ್ಬ್ ಇಳಿಬಿಟ್ಟೆ. ನೀರಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ. ಸೂಜಿಯಿಲ್ಲದ ಸಿರಿಂಜಿನಿಂದ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ. ಬಾಯಿಯ ನಡುವೆ ಸುರಿದರೆ ನಾಲಿಗೆಯ ಬುಡದಲ್ಲಿರುವ ಉಸಿರಿನ ರಂಧ್ರಕ್ಕೆ ಇಳಿದು ಕೋಳಿ ಉಸಿರು ಕಟ್ಟಿ ಸಾಯುತ್ತದೆ. ಬಚ್ಚಲಿಗೆ ಬೇರೆ ಚಪ್ಪಲಿ, ಬಂದ ಮೇಲೆ ಸೋಪಿನಲ್ಲಿ ಕೈ. ಗಂಟೆಗೊಮ್ಮೆ ಎದ್ದು ಹೋಗುತ್ತಿದ್ದೆ. ತೊಡೆಯ ಮೇಲೆ ಕೋಳಿ, ನೆಲದ ಮೇಲೆ ರಸಾಯನಶಾಸ್ತ್ರದ ಪುಸ್ತಕ. ಅಮ್ಮಿ ಬೈಯಲಿಲ್ಲ. "ಎಷ್ಟು ಪ್ರೀತಿ ಈ ಹುಡುಗಿಗೆ" ಎಂದು ಖಾಲಾ ಹತ್ತಿರ ಹೇಳುವುದು ಕೇಳಿಸಿತು.

ಆ ಹೊಗಳಿಕೆ ಕೇಳಿ ನನಗೆ ಹೊಟ್ಟೆ ತೊಳಸಿದಂತಾಯಿತು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಸಾಯಿಸಿದ ಹೆಂಗಸಿನ ಹದೀಸ್ ನಮಗೆಲ್ಲ ಗೊತ್ತು. ನಾನು ಹಾಗಲ್ಲ, ಹನಿ ಹನಿ ನೀರು ಕುಡಿಸುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಡಾಕ್ಟರ್ ಕೇಳಿದ್ದು ನೀರಿನ ವಿಷಯವಲ್ಲ. ಲಾಲಿಗೆ ಏನಾಗಿದೆ ಎಂದು ತಿಳಿಯಲು ಅವರಿಗಿದ್ದ ಒಂದು ದಾರಿಯನ್ನು ನಾನೇ ಮುಚ್ಚಿದ್ದೆ. ಹೊರಗೆ ಗೋಡೆಯಾಚೆ ಖಾಲಾರ ಕೋಳಿಗಳು ನಮ್ಮ ಹಿತ್ತಲಿಗೆ ಬಂದು ಹೋಗುತ್ತಲೇ ಇದ್ದವು.

ಮಂಗಳವಾರ ಇಶಾ ಆದ ಮೇಲೆ ದಾದಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತಾ ಕೂತರು. ಕೊನೆಗೆ, "ಬೇಟಿ, ರೋಗ ತಂದವಳು ನೀನೋ ಅಲ್ಲವೋ, ಅದು ಅಲ್ಲಾಹನಿಗೆ ಗೊತ್ತು. ಸುಳ್ಳು ತಂದವಳು ನೀನೇ. ಅದನ್ನು ನೀನೇ ತೆಗೆದು ಹಾಕು" ಅಂದರು.

ಬುಧವಾರ ಬೆಳಿಗ್ಗೆ ಆಸ್ಪತ್ರೆಗೆ ಒಬ್ಬಳೇ ಹೋದೆ. ಡಾಕ್ಟರ್ ಒಂದು ಕ್ಷಣ ನನ್ನ ಮುಖ ನೋಡಿ, "ಹಾಗಾದರೆ ಕೊಕ್ಕರೆ ರೋಗದ ಅನುಮಾನ ಜಾಸ್ತಿಯಾಯಿತು. ಖಚಿತ ಅಂತ ಈಗಲೂ ಹೇಳಲ್ಲ" ಅಂದರು. ಚೆನ್ನಾಗಿರುವ ಉಳಿದ ಕೋಳಿಗಳಿಗಾದರೂ ಲಸಿಕೆ ಹಾಕಿಸಬೇಕು ಎಂದರು. ಆದರೆ ಅದರಲ್ಲೊಂದು ತೊಡಕಿದೆ. ಲಸಿಕೆಯ ಒಂದು ಸೀಸೆ ನೂರು ಕೋಳಿಗೆ ಸಾಕಾಗುತ್ತದೆ. ಮಂಜುಗಡ್ಡೆಯಲ್ಲೇ ಇಟ್ಟಿರಬೇಕು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವ್ಯರ್ಥ. ಆರು ಕೋಳಿಗಾಗಿ ಒಂದು ಸೀಸೆ ಒಡೆಯುವುದು ಹೇಗೆ? "ನಿಮ್ಮ ಬೀದಿಯ ಕೋಳಿಗಳನ್ನೆಲ್ಲ ಒಂದೇ ದಿನ ಸೇರಿಸು, ನಮ್ಮವರನ್ನು ಕಳಿಸ್ತೀನಿ" ಎಂದರು.

ಸಂಜೆ ಮನೆಮನೆಗೆ ಹೋದೆ. ಪ್ರತಿ ಬಾಗಿಲಲ್ಲೂ ಅದೇ ಮಾತು: ನಾನು ಸಂತೆಯಿಂದ ತಂದ ಪಿಳ್ಳೆ ಸತ್ತಿತ್ತು, ಮುಚ್ಚಿಟ್ಟಿದ್ದೆ, ಈಗ ಲಾಲಿಗೆ ಹುಷಾರಿಲ್ಲ, ನಿಮ್ಮ ಕೋಳಿಗೂ ಬರಬಹುದು. ಖಾಲಾ ಬೈದರು, ಬೈಯಬೇಕಾದದ್ದೇ. ಬೀದಿಯ ಕೊನೆಯ ಮನೆಯ ಗೌರಮ್ಮಜ್ಜಿ ಮಾತ್ರ, "ಹೇಳೋಕಾದರೂ ಬಂದೆಯಲ್ಲ" ಎಂದು ಒಂದು ಹಿಡಿ ಕಡಲೆಕಾಯಿ ಕೈಗಿಟ್ಟರು.

ಗುರುವಾರ ಫಜರ್ ಹೊತ್ತಿಗೆ ಬಚ್ಚಲ ಬಾಗಿಲು ತೆರೆದಾಗ ಲಾಲಿ ಬಲ್ಬಿನ ಕೆಳಗೆ ಒರಗಿಕೊಂಡಿದ್ದಳು. ಮೈ ತಣ್ಣಗಾಗಿತ್ತು. ಹಿಂದಿನ ರಾತ್ರಿ ಅವಳು ತಾನಾಗಿ ಎರಡು ಸಲ ನೀರು ಕುಡಿದಿದ್ದಳು, ಉಳಿಯುತ್ತಾಳೆ ಎಂದುಕೊಂಡೇ ಮಲಗಿದ್ದೆ. ಅಬ್ಬಾ ಏನೂ ಹೇಳದೆ ಗುದ್ದಲಿ ತಂದು ಆಳವಾಗಿ ಗುಂಡಿ ತೋಡಿದರು. ಮೇಲೆ ಸುಣ್ಣ ಹಾಕಿ ಮುಚ್ಚಿದೆವು. ಹೊಟ್ಟೆ ಕೊಯ್ದು ಪರೀಕ್ಷೆ ಮಾಡಿಸಿದ್ದರೆ ಕಾರಣ ತಿಳಿಯುತ್ತಿತ್ತೇನೋ. ದಾದಿ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಶನಿವಾರ ಬೀದಿಯ ಮೂವತ್ತೆಂಟು ಕೋಳಿಗಳಿಗೆ ಲಸಿಕೆ ಆಯಿತು. ಆಮೇಲೆ ನಮ್ಮಲ್ಲಾಗಲಿ ಅಕ್ಕಪಕ್ಕದಲ್ಲಾಗಲಿ ಒಂದೂ ಸಾಯಲಿಲ್ಲ. ಸಂತೆಯಿಂದ ತಂದ ಇನ್ನೊಂದು ಪಿಳ್ಳೆಯೂ ಚೆನ್ನಾಗಿದೆ, ಮೊಟ್ಟೆಗೆ ಬಂದಿದೆ. ಹಾಗಾದರೆ ಲಾಲಿಗೆ ಬಂದದ್ದು ಕೊಕ್ಕರೆ ರೋಗವೇ ಅಲ್ಲವೇ? ಲಸಿಕೆ ಕಾಪಾಡಿತೇ? ನನ್ನಿಂದ ಸತ್ತಳೇ, ಅವಳ ಆಯುಷ್ಯವೇ ಅಷ್ಟಿತ್ತೇ? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಸತ್ಯ ಹೇಳಲು ಎರಡು ದಿನ ತಡ ಮಾಡಿದೆ ಎಂಬುದು ಮಾತ್ರ ಖಚಿತ.

ಕೋಳಿ ಸಾಕುವ ಗೆಳತಿಯರು, ಗೆಳೆಯರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದೀರಿ. ಹೊಸ ಕೋಳಿ ತಂದರೆ ಎರಡು ಮೂರು ವಾರ ಬೇರೆಯೇ ಇಡಿ. ಪಶು ಆಸ್ಪತ್ರೆಯಲ್ಲಿ ಲಸಿಕೆಯ ದಿನ ಕೇಳಿ, ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ. ಒಮ್ಮೆಲೇ ಹಲವು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಆಸ್ಪತ್ರೆಗೆ ತಿಳಿಸಿ. ಒಂದೇ ಸತ್ತರೂ ಬೆಕ್ಕಿನ ಮೇಲೆ ಹಾಕಬೇಡಿ.

ಹೋದ ತಿಂಗಳು ದಾದಿ ಒಂದು ಕೆಂಪು ಪಿಳ್ಳೆ ತರಿಸಿದರು. ಅದು ಈಗ ಮಹಡಿಯ ಮೇಲೆ ಬೇರೆ ಬುಟ್ಟಿಯಲ್ಲಿದೆ. ಇನ್ನೂ ಹೆಸರಿಟ್ಟಿಲ್ಲ. ಸಂಜೆ ಎಣಿಸುವ ಕೆಲಸವನ್ನು ದಾದಿ ನನಗೆ ವಹಿಸಿದ್ದಾರೆ.