ಮಂಜಿನೂರಿನ ಮಾಗಿ

ಉತ್ತರಪ್ರದೇಶದ ಬಿಜನೌರ್ ಜಿಲ್ಲೆಯ ನಜೀಬಾಬಾದಿಗೆ ನನಗೆ ವರ್ಗವಾದಾಗ, ನಕಾಶೆಯಲ್ಲಿ ಅದನ್ನು ಹುಡುಕಿದ ಗೆಳೆಯರು ‘ಹಿಮಾಲಯದ ಬುಡದಲ್ಲೇ ಇದೆಯಲ್ಲ, ಪುಣ್ಯವಂತ’ ಎಂದಿದ್ದರು. ಮಾತು ಸುಳ್ಳಲ್ಲ. ಇಲ್ಲಿಂದ ಕೋಟದ್ವಾರದ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಗುಡ್ಡಗಳು ಆರಂಭವಾಗುತ್ತವೆ. ಶಕುಂತಲೆ ಬೆಳೆದ ಕಣ್ವಾಶ್ರಮ ಅಲ್ಲಿಯೇ ಇತ್ತೆಂದು ಜನ ನಂಬುತ್ತಾರೆ. ಕಾಳಿದಾಸನ ಮಾಲಿನೀ ನದಿ ‘ಮಾಲನ್’ ಎಂಬ ಹೆಸರಿನಿಂದ ಈ ಕಡೆಗೆ ಹರಿದುಬರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ನಜೀಬುದ್ದೌಲ ಕಟ್ಟಿಸಿದ ಪತ್ಥರ್‌ಗಢ ಕೋಟೆ, ಒಂದು ರೈಲ್ವೆ ಜಂಕ್ಷನ್, ಸುತ್ತ ಎತ್ತ ನೋಡಿದರೂ ಕಬ್ಬು. ಊರೆಂದರೆ ಇಷ್ಟು.

ಡಿಸೆಂಬರಿನ ಕೊನೆಯ ವಾರದಿಂದ ಜನವರಿ ಮುಗಿಯುವವರೆಗೆ ಎಷ್ಟೋ ದಿನ ಇದಾವುದೂ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿಯವರು ‘ಕೋಹ್ರಾ’ ಎಂದು ಕರೆಯುವ ಮಂಜು ಎಲ್ಲವನ್ನೂ ನುಂಗಿರುತ್ತದೆ. ಪಶ್ಚಿಮದಿಂದ ಬರುವ ಹವೆಯ ಅಲೆಯೊಂದು ಸಣ್ಣ ಮಳೆ ಸುರಿಸಿ ಹೋಗುತ್ತದೆ. ಆಮೇಲೆ ಆಕಾಶ ತಿಳಿಯಾಗಿ, ಗಾಳಿ ನಿಂತು, ನೀರುಂಡ ಗೋಧಿ-ಕಬ್ಬಿನ ಹೊಲಗಳು ರಾತ್ರಿಯಿಡೀ ಕಾವು ಕಳೆದುಕೊಳ್ಳುತ್ತವೆ. ನೆಲದ ತೇವವೆಲ್ಲ ನೆಲದ ಮೇಲೆಯೇ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. 50 ಮೀಟರಿನಾಚೆ ಏನೂ ಕಾಣದಿದ್ದರೆ ಹವಾಮಾನ ಇಲಾಖೆ ಅದನ್ನು ‘ಅತಿ ದಟ್ಟ ಮಂಜು’ ಎನ್ನುತ್ತದೆ. ನಮ್ಮ ಓಣಿಯಲ್ಲಿ ಎದುರುಮನೆಯ ಬಾಗಿಲು ಕಂಡರೆ ಅಂದು ಒಳ್ಳೆಯ ದಿನ.

ಧಾರವಾಡದಲ್ಲಿ ಎಂ.ಎ. ಓದುವಾಗ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಮೊದಲ ಪುಟಗಳ ಮಂಜು ನ್ಯಾಯಾಲಯದ ಗೋಜಲಿನ ಪ್ರತೀಕವೆಂದು ನಾವೆಲ್ಲ ಟಿಪ್ಪಣಿ ಬರೆದುಕೊಂಡಿದ್ದೆವು. ಇಲ್ಲಿಯ ಮಂಜಿಗೆ ಅಂಥ ಸಾಹಿತ್ಯಿಕ ಹೊಣೆಗಳಿಲ್ಲ. ಅದು ರೈಲುಗಳನ್ನು ಗಂಟೆಗಟ್ಟಲೆ ತಡಮಾಡುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರಿಗೆ ಸೈಕಲ್ಲಿನವನನ್ನು ಕಾಣದಂತೆ ಮಾಡುತ್ತದೆ. ಸಿಗ್ನಲ್ಲಿಗೆ ಮುಂಚೆ ಹಳಿಯ ಮೇಲೆ ಪಟಾಕಿ ಇಡುವ ಪದ್ಧತಿ ರೈಲ್ವೆಯಲ್ಲಿ ಹಳೆಯದು. ಎಂಜಿನ್ನಿನ ಗಾಲಿ ಹತ್ತಿದೊಡನೆ ಅದು ಸಿಡಿಯುತ್ತದೆ, ಸಿಗ್ನಲ್ ಬಂತೆಂದು ಚಾಲಕನಿಗೆ ತಿಳಿಯುತ್ತದೆ. ಈಗ ಎಂಜಿನ್ನುಗಳಲ್ಲಿ ಜಿಪಿಎಸ್ ಉಪಕರಣಗಳು ಬಂದಿವೆ. ಆದರೂ ನಡುರಾತ್ರಿ ಜಂಕ್ಷನ್ನಿನ ಕಡೆಯಿಂದ ‘ಢಂ’ ಎಂದು ಕೇಳಿದಾಗ, ಈ ಹೊತ್ತಿನಲ್ಲಿ ಹಳಿಯ ಬದಿಗೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬ ಎಚ್ಚರ ಹೊದಿಕೆಯೊಳಗೂ ಬರುತ್ತದೆ.

ಅಪ್ಪ ತೀರಿಕೊಂಡ ವರ್ಷ ಅವ್ವನನ್ನು ಗದಗಿನಿಂದ ಇಲ್ಲಿಗೆ ಕರೆತಂದೆ. ಆಗ ನವೆಂಬರ್, ಹಿತವಾದ ಬಿಸಿಲು. ಒಂದು ಮಧ್ಯಾಹ್ನ ಓಣಿಯಲ್ಲಿ ‘ಟೊಂಯ್ ಟೊಂಯ್’ ಎಂಬ ಸದ್ದು ಕೇಳಿ ಆಕೆ ಅಂಗಳಕ್ಕೆ ಓಡಿದಳು. ಹೆಗಲಿಗೆ ಬಿಲ್ಲು ಹಾಕಿಕೊಂಡು ಬಂದಿದ್ದ ಮುದುಕನನ್ನು ನೋಡಿ, ‘ಪಿಂಜಾರ ಬಂದಾನಲ್ಲೋ ತಮ್ಮಾ!’ ಎಂದಳು. ಇಲ್ಲಿ ಅವನನ್ನು ‘ಧುನಿಯಾ’ ಎನ್ನುತ್ತಾರೆ. ಈಗ ಅರಳೆ ಹಿಂಜಲು ಪೇಟೆಯಲ್ಲಿ ಯಂತ್ರಗಳಿವೆ. ಬಿಲ್ಲು ಹೊತ್ತು ತಿರುಗುವವರು ತೀರ ವಿರಳ. ಹಳೆಯ ರಜಾಯಿಯ ಗಂಟುಗಟ್ಟಿದ ಅರಳೆ ಅವನ ಬಿಲ್ಲಿನ ಹೆದೆಗೆ ಸಿಕ್ಕು ಹಾರಿ ಹಗುರಾಗುವುದನ್ನು ಅವ್ವ ಇಡೀ ಮಧ್ಯಾಹ್ನ ಕುಳಿತು ನೋಡಿದಳು. ಅವನ ಹಿಂದಿ ಇವಳಿಗೆ ತಿಳಿಯದು, ಇವಳ ಕನ್ನಡ ಅವನಿಗೆ ತಿಳಿಯದು. ಆದರೂ ಕೂಲಿಯ ಚೌಕಾಶಿ ಎರಡೂ ಕಡೆಯಿಂದ ಸಾಂಗವಾಗಿ ನಡೆಯಿತು.

ಆಮೇಲೆ ಚಳಿ ಬಂತು. ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಯಿತು. ದೋಸೆ ಹಿಟ್ಟು ಎರಡು ದಿನವಾದರೂ ಉಬ್ಬದೆ, ಕೊನೆಗೆ ಪಾತ್ರೆಗೂ ಒಂದು ಕಂಬಳಿ ಹೊದಿಸಬೇಕಾಯಿತು. ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯಿಲ್ಲದೆ ಸಂಕ್ರಾಂತಿಯಿಲ್ಲ. ಇಲ್ಲಿಯೂ ಚಳಿಗೆ ಸಜ್ಜೆ, ಎಳ್ಳು, ಬೆಲ್ಲಗಳೇ ಔಷಧ. ಮೇರಠಿನ ಗಜಕ್ ತಿಂದು ಅವ್ವ ‘ಎಳ್ಳು-ಬೆಲ್ಲಾನ ಬಡದು ತೆಳ್ಳಗ ಮಾಡ್ಯಾರ, ಅಷ್ಟ’ ಎಂದು ತೀರ್ಪಿತ್ತಳು. ಊಟದಲ್ಲಿ ಹೀಗೆ ಸಂಧಾನವಾಯಿತು. ಆಗದೆ ಉಳಿದದ್ದು ಸ್ನಾನದಲ್ಲಿ.

ಮಿಂದಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಬಾಯಲ್ಲಿ ಚಹಾ ಕೂಡ ಇಲ್ಲ. ಇದು ಅವ್ವನ ಐವತ್ತು ವರ್ಷಗಳ ವ್ರತ. ರಕ್ತದೊತ್ತಡವಿರುವ ಎಪ್ಪತ್ತೆರಡರ ಹೆಂಗಸು ಈ ಚಳಿಯಲ್ಲಿ ನಸುಕಿಗೆದ್ದು ಮೀಯಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದರು. ಬಿಸಿನೀರಿದ್ದರೆ ಸಾಲದು, ಬಚ್ಚಲಿಂದ ಕೋಣೆಗೆ ಬರುವ ಹತ್ತು ಹೆಜ್ಜೆಯೇ ಅಪಾಯವೆಂದರು. ದಾರಿ ತೋರಿಸಿದವರು ಪಕ್ಕದ ಮನೆಯ ಮುದುಕಿ. ಇಲ್ಲಿ ಚಳಿಗಾಲದಲ್ಲಿ ಮನೆಗಳ ಬದುಕೆಲ್ಲ ಮಾಳಿಗೆಗೆ ಏರುತ್ತದೆ. ಹತ್ತೂವರೆಗೆ ಬಿಸಿಲು ಬಿತ್ತೆಂದರೆ ಬಟಾಣಿ ಸುಲಿಯುವುದು, ಉಣ್ಣೆ ಹೆಣೆಯುವುದು, ಮಕ್ಕಳ ಪಾಠ, ಮುದುಕರ ನಿದ್ದೆ ಎಲ್ಲವೂ ಅಲ್ಲಿಯೇ. ಆಕೆ ತಮ್ಮ ಮಾಳಿಗೆಯ ಮೇಲೆ ನೀರು ತುಂಬಿಸಿಟ್ಟ ಬಕೀಟುಗಳನ್ನು ತೋರಿಸಿ, ಸೂರ್ಯನ ಕಡೆ ಕೈಮಾಡಿ, ತಲೆಯ ಮೇಲೆ ಸುರಿದುಕೊಳ್ಳುವಂತೆ ಅಭಿನಯಿಸಿದರು. ಅವ್ವ ಸ್ನಾನವನ್ನು ಹನ್ನೊಂದಕ್ಕೆ ಮುಂದೂಡಿದಳು. ಚಹಾವನ್ನೂ.

ಆದರೆ ಜನವರಿಯಲ್ಲಿ ಆರು ದಿನ ಸೂರ್ಯ ಬರಲೇ ಇಲ್ಲ. ಇಂಥ ದಿನಗಳಿಗೆ ಹವಾಮಾನ ಇಲಾಖೆಯಲ್ಲಿ ಬೇರೆ ಹೆಸರುಂಟು: ‘ಶೀತ ದಿನ’. ರಾತ್ರಿಯ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿದ್ದು, ಹಗಲಿನದು ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಿದ್ದರೆ ಅದು ಶೀತ ದಿನ. ಅಂದರೆ ರಾತ್ರಿಯ ಚಳಿಗೆ ಹಗಲಿನ ಪರಿಹಾರವೂ ಇಲ್ಲ. ‘ಸೂರ್ಯಾನೂ ಸರಕಾರಿ ನೌಕರಿಗೆ ಸೇರ್ಯಾನೇನೋ? ರಜಾ ಹಾಕಿ ಕೂತಾನ’ ಎಂದು ಮೊದಲೆರಡು ದಿನ ನಕ್ಕಳು. ಐದನೆಯ ದಿನ ನಸುಕಿನಲ್ಲಿ, ನಾವೆಲ್ಲ ಮಲಗಿದ್ದಾಗ, ಎದ್ದು ಮಿಂದಳು. ಸಂಜೆಗೆ ಎದೆ ಕಟ್ಟಿತು.

ಆ ರಾತ್ರಿ ಆಸ್ಪತ್ರೆಯ ಹೊರಗೆ, ನಗರಪಾಲಿಕೆ ಹೊತ್ತಿಸಿದ ‘ಅಲಾವ್’ ಎಂಬ ಬೆಂಕಿಯ ಸುತ್ತ ನಿಂತಿದ್ದೆ. ರಿಕ್ಷಾದವರು, ರೋಗಿಗಳ ಕಡೆಯವರು, ಒಬ್ಬ ಪೊಲೀಸ್, ಎರಡು ನಾಯಿ. ಯಾರೂ ಯಾರನ್ನೂ ಕೇಳದೆ ಜಾಗ ಮಾಡಿಕೊಡುತ್ತಿದ್ದರು. ಪ್ರೇಮಚಂದರ ‘ಪೂಸ್ ಕೀ ರಾತ್’ ಕತೆಯ ಹಲ್ಕೂ ನೆನಪಾದ. ಕಂಬಳಿಗೆಂದು ಕೂಡಿಟ್ಟ ಮೂರು ರೂಪಾಯಿಯನ್ನು ಸಾಲಗಾರನಿಗೆ ತೆತ್ತು, ನಾಯಿಯನ್ನು ತಬ್ಬಿಕೊಂಡು ಹೊಲ ಕಾಯುವ ರೈತ ಅವನು. ಬೆಳೆ ಹಾಳಾದಾಗ, ಇನ್ನು ಚಳಿಯಲ್ಲಿ ಮಲಗಬೇಕಿಲ್ಲವೆಂದು ಸಮಾಧಾನಪಡುತ್ತಾನೆ. ಆ ಸಮಾಧಾನ ತರಗತಿಯಲ್ಲಿ ವ್ಯಂಗ್ಯವೆನಿಸಿತ್ತು. ಬೆಂಕಿಯ ಬಳಿ ಅದರಲ್ಲಿ ವ್ಯಂಗ್ಯ ಕಾಣಲಿಲ್ಲ. ಪಕ್ಕದಲ್ಲಿದ್ದವನು ತನ್ನ ಊರಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಇಟ್ಟುಕೊಂಡು ಮಲಗಿದ ಗಂಡಹೆಂಡಿರು ಬೆಳಗ್ಗೆ ಏಳಲಿಲ್ಲವೆಂದು ಹೇಳಿದ. ವಾಸನೆಯಿಲ್ಲದ ಆ ವಿಷದ ಹೊಗೆಯ ಸುದ್ದಿ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ಕಾವು ಬೇಕು, ಕಿಟಕಿ ತೆರೆದರೆ ಕಾವಿಲ್ಲ. ಬಡವರಿಗೆ ಇಲ್ಲಿ ಇರುವ ಆಯ್ಕೆ ಇಷ್ಟೇ. ನಮ್ಮ ಮನೆಯಲ್ಲಿ ಹೀಟರು, ಗೀಸರು, ರಜಾಯಿ ಎಲ್ಲ ಇದ್ದೂ ಚಳಿ ಒಳಗೆ ಬಂದಿತ್ತು.

ಅವ್ವ ನಾಲ್ಕು ದಿನಕ್ಕೆ ಮನೆಗೆ ಬಂದಳು. ಊರಿಗೆ ಕಳಿಸಿಬಿಡೋಣವೆಂದು ದಿಲ್ಲಿಯಿಂದ ಹುಬ್ಬಳ್ಳಿಗೆ ಟಿಕೆಟ್ ತೆಗೆಯಲು ಕುಳಿತೆ. ‘ಅಲ್ಲಿ ಯಾರದಾರ?’ ಎಂದಷ್ಟೇ ಕೇಳಿದಳು. ಉತ್ತರವಿರಲಿಲ್ಲ. ‘ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗ್ತೈತಿ. ಆಮ್ಯಾಲೆ ನೋಡೂಣು’ ಎಂದಳು. ವ್ರತದಲ್ಲಿ ಒಂದೇ ಒಂದು ತಿದ್ದುಪಡಿ ಒಪ್ಪಿದಳು: ಬಿಸಿಲಿಲ್ಲದ ದಿನ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿಕೊಂಡು ಪೂಜೆ.

ಶಿವರಾತ್ರಿ ಕಳೆದ ಮೇಲೆ ತಂಗಿಯ ಮನೆಗೆಂದು ಹೋದವಳು ಈಗ ಅಲ್ಲಿಯೇ ಇದ್ದಾಳೆ. ಹೊರನಾಡಿನಲ್ಲಿ ದುಡಿಯುವ ನಮ್ಮಂಥವರಿಗೆಲ್ಲ ತಾಯಿತಂದೆಯರನ್ನು ಯಾವ ಹವೆಯಲ್ಲಿ ಇಡಬೇಕೆಂಬ ಪ್ರಶ್ನೆ ಒಂದಿಲ್ಲೊಂದು ದಿನ ಬರುತ್ತದೆ. ಮುಂಬಯಿಯ ಮಳೆ, ಚೆನ್ನೈನ ಸೆಕೆ, ಇಲ್ಲಿಯ ಮಂಜು ಅದರ ಬೇರೆ ಬೇರೆ ರೂಪಗಳಷ್ಟೇ. ಮತ್ತೆ ಅಕ್ಟೋಬರ್ ಬಂದಿದೆ. ಮೊನ್ನೆ ಫೋನಿನಲ್ಲಿ, ಮಾಳಿಗೆಯ ಮುದುಕಿ ಹೇಗಿದ್ದಾಳೆ, ಪಿಂಜಾರ ಬಂದಿದ್ದನೇ ಎಂದು ಕೇಳಿದಳು. ಬರುತ್ತೇನೆ ಎನ್ನಲಿಲ್ಲ; ಬಾ ಎನ್ನಲು ನನಗೂ ಧೈರ್ಯವಾಗಿಲ್ಲ. ಆಕೆಯ ರಜಾಯಿಯನ್ನು ಮಾತ್ರ ಮಾಳಿಗೆಯ ಬಿಸಿಲಿಗೆ ಹಾಕಿದ್ದೇನೆ.