ಕಹಿಯ ಲೆಕ್ಕ

ಸಂಘದ ಪತ್ರಿಕೆಯಲ್ಲಿ ಬಿಯರಿನ ಪ್ರಸ್ತಾಪವೇ ಎಂದು ಹಿರಿಯರು ಹುಬ್ಬೇರಿಸುವ ಮೊದಲೇ ಅರಿಕೆ ಮಾಡಿಬಿಡುತ್ತೇವೆ: ನಾವು ಅದನ್ನು ಕುಡಿದಿಲ್ಲ, ಲೆಕ್ಕ ಮಾತ್ರ ಹಾಕಿಕೊಟ್ಟೆವು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೇಂದ್ರ ಸರ್ಕಾರದ ಗುಮಾಸ್ತಗಿರಿ ಮಾಡಿದವರಿಗೆ ಇನ್ನೊಬ್ಬರು ಉಣ್ಣುವ ಊಟದ ಲೆಕ್ಕ ಬರೆಯುವುದು ಹೊಸದೇನೂ ಅಲ್ಲ.

2023ರ ಜೂನ್ ತಿಂಗಳಲ್ಲಿ ರಜೆ ಮಂಜೂರಾಗಿ, ವಿದೇಶಕ್ಕೆ ಹೋಗಲು ಕಛೇರಿಯ ಅಪ್ಪಣೆ ಸಿಕ್ಕಿ, ನಾವಿಬ್ಬರೂ ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ಊರಿಗೆ, ತಮ್ಮನ ಮನೆಗೆ ಹೊರಟೆವು. ಟಿಕೆಟ್ಟು ಅವನದೇ. ಅವನು ನಮಗಿಂತ ಹನ್ನೆರಡು ವರ್ಷಕ್ಕೆ ಕಿರಿಯ. ಅಪ್ಪ ತೀರಿಕೊಂಡ ಮೇಲೆ ಅಮ್ಮನೊಡನೆ ದೆಹಲಿಗೆ ಬಂದು, ಆರ್. ಕೆ. ಪುರದ ನಮ್ಮ ಕ್ವಾರ್ಟರ್ಸಿನಲ್ಲೇ ಬೆಳೆದವನು. ನಮ್ಮ ಬಿ.ಎಸ್ಸಿ. ಪದವಿ ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಅವನಿಗೇ. ರಾತ್ರಿ ಊಟವಾದ ಮೇಲೆ ಅದೇ ಮೇಜಿನ ಮೇಲೆ ಅವನಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆವು.

2021ರ ಮೇ ತಿಂಗಳನ್ನು ದೆಹಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಹೋದದ್ದು ಆಗ. ತಮ್ಮ ಬರಲಿಲ್ಲ, ಬಂದರೆ ಮರಳಿ ಅಮೆರಿಕದೊಳಗೆ ಕಾಲಿಡುವುದು ಕಷ್ಟ ಎನ್ನುವ ಕಾಲವದು. ಅದು ಗೊತ್ತಿದ್ದೂ ನಾವು ದೂರವಾಣಿಯಲ್ಲಿ, "ಬಿಡಪ್ಪಾ, ನಿನಗೆ ನೌಕರಿ ದೊಡ್ಡದು" ಎಂದುಬಿಟ್ಟೆವು. ಆ ಮೇಲೆ ಎರಡು ವರ್ಷ ಹಬ್ಬಕ್ಕೊಂದು ಫೋನು, "ಚೆನ್ನಾಗಿದ್ದೀರಾ?", "ಚೆನ್ನಾಗಿದ್ದೇವೆ" – ಅಷ್ಟೇ.

ಪೋರ್ಟ್‌ಲೆಂಡಿನಲ್ಲೂ ಮೊದಲ ನಾಲ್ಕು ದಿನ ಅದೇ ಕಥೆ. ಐದನೆಯ ದಿನ ಗ್ಯಾರೇಜಿನಲ್ಲಿ ದೊಡ್ಡದೊಂದು ಹಂಡೆಯನ್ನೂ ಮುಚ್ಚಳವಿದ್ದ ಬಕೆಟನ್ನೂ ಕಂಡು, "ಇದೇನೋ?" ಎಂದು ಕೇಳಿದೆವು. ಅವನು ಹೈಸ್ಕೂಲು ಹುಡುಗನ ಹಾಗೆ ತಲೆ ತಗ್ಗಿಸಿ, "ಬಿಯರ್ ಅಣ್ಣಾ, ಮನೇಲೇ ಮಾಡ್ತೀನಿ" ಎಂದ. ಅಲ್ಲಿ ಅದು ಅಪರಾಧವಲ್ಲ. ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನ ಪ್ರಕಾರ ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್‌ವರೆಗೆ, ಮಾರುವುದಕ್ಕಲ್ಲದೆ ಸ್ವಂತಕ್ಕೆಂದು, ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಬಹುದು. ಇಲ್ಲಿ ಯಾರೂ ಆ ಸಾಹಸಕ್ಕೆ ಹೋಗಬೇಡಿ; ನಮ್ಮ ಅಬಕಾರಿಯವರು ಕಾರ್ಟರರ ಸಹಿಯನ್ನು ಒಪ್ಪುವವರಲ್ಲ.

ಅವನ ಕಷ್ಟವೇ ಬೇರೆ. ಆ ದೇಶದವರ ಹೆಮ್ಮೆಯ 'ಅಮೆರಿಕನ್ ಪೇಲ್ ಏಲ್' ಎಂಬ ಬಗೆಯನ್ನು ತಾನೇ ಲೆಕ್ಕ ಹಾಕಿ ಮಾಡಬೇಕೆಂದು ಹೊರಟಿದ್ದ. ಪೇಲ್ ಏಲ್ ಮೂಲತಃ ಇಂಗ್ಲೆಂಡಿನದು. ಅಮೆರಿಕದವರು ಅದಕ್ಕೆ ತಮ್ಮ ನೆಲದ ಹಾಪ್ಸ್ ಹಾಕಿ ತಮ್ಮದಾಗಿ ಮಾಡಿಕೊಂಡರು. ಹಾಪ್ಸ್ ಎಂದರೆ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಅದೇ. ಓರೆಗಾನಿನಲ್ಲೇ ತಳಿಯೆಬ್ಬಿಸಿ 1972ರಲ್ಲಿ ಬಿಡುಗಡೆ ಮಾಡಿದ 'ಕ್ಯಾಸ್ಕೇಡ್' ಎಂಬ ಹಾಪ್ಸನ್ನು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಕಂಪನಿಯವರು 1980ರಲ್ಲಿ ತಮ್ಮ ಪೇಲ್ ಏಲಿಗೆ ಬಳಸಿ ಹೆಸರು ಮಾಡಿದರು. ತಮ್ಮ ಅದನ್ನು ಅಂಗೈಯಲ್ಲಿ ಉಜ್ಜಿ ನಮ್ಮ ಮೂಗಿಗೆ ಹಿಡಿದ. ಚಕ್ಕೋತದ ಸಿಪ್ಪೆ ಹಿಂಡಿದ ಹಾಗಿತ್ತು.

"ಆದ್ರೆ ನನ್ನ ಬಿಯರಿಗೆ ಈ ವಾಸನೆ ಬರೋದೇ ಇಲ್ಲ. ಬೇವಿನ ಕಷಾಯ ಆಗುತ್ತೆ" ಎಂದು ತನ್ನ ಟಿಪ್ಪಣಿ ಪುಸ್ತಕ ಕೊಟ್ಟ. ನೋಡಿದರೆ, ಹಾಪ್ಸನ್ನೆಲ್ಲ ಮೊದಲಿಗೇ ಸುರಿದು ಒಂದು ಗಂಟೆ ಕುದಿಸಿದ್ದಾನೆ. ನಾವು ಹಳೆಯ ಪಾಠಗಳನ್ನು ಜ್ಞಾಪಿಸಿಕೊಳ್ಳುವಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಮ್ಮ ಮನೆಯವರು ತಿರುಗಿ, "ಕೊತ್ತಂಬರಿ ಸೊಪ್ಪನ್ನ ಬೇಳೆ ಜೊತೆ ಒಂದು ಗಂಟೆ ಬೇಯಿಸ್ತಾರೇನಪ್ಪಾ?" ಎಂದರು. ಶಾಸ್ತ್ರ ಹೇಳುವುದೂ ಅಷ್ಟೇ. ಹಾಪ್ಸಿನ ಆಲ್ಫಾ ಆಮ್ಲಗಳು ದೀರ್ಘಕಾಲ ಕುದ್ದರೆ ರೂಪಾಂತರ ಹೊಂದಿ ಕಹಿಯಾಗುತ್ತವೆ. ಪರಿಮಳದ ತೈಲಗಳಾದರೋ ಆವಿಯೊಡನೆ ಹಾರಿಹೋಗುತ್ತವೆ. ಕಹಿ ಬೇಕಾದರೆ ಮೊದಲು ಹಾಕಬೇಕು, ಪರಿಮಳ ಬೇಕಾದರೆ ಕೊನೆಗೆ.

ಮೂವರೂ ಮೇಜಿಗೆ ಕುಳಿತೆವು. ತಯಾರಾಗಬೇಕಾದದ್ದು 19 ಲೀಟರು. ಪೇಲ್ ಮಾಲ್ಟು 4.25 ಕಿಲೋ, ಬಣ್ಣಕ್ಕೂ ತುಸು ಸಿಹಿಗೂ ಕ್ರಿಸ್ಟಲ್ ಮಾಲ್ಟು 225 ಗ್ರಾಂ. ಮಾಲ್ಟು ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅಮ್ಮ ಮಕ್ಕಳಿಗೆಂದು ರಾಗಿಯನ್ನು ಮೊಳಕೆ ಕಟ್ಟಿ ಮಾಡುತ್ತಿದ್ದ ಕ್ರಮವೇ. ಅದನ್ನು 67 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಹುದುಗುವ ಮೊದಲು ಸಾಂದ್ರತೆ 1.052, ಹುದುಗಿದ ಮೇಲೆ 1.012, ಮದ್ಯಾಂಶ ಶೇಕಡ 5ರ ಮೇಲೆ ಸ್ವಲ್ಪ.

ಇನ್ನು ಕಹಿ. ಈ ಬಗೆಗೆ ಲೀಟರಿಗೆ 30ರಿಂದ 50 ಮಿಲಿಗ್ರಾಂ ಸಲ್ಲುತ್ತದೆ. ಶೇಕಡ 10 ಆಲ್ಫಾ ಆಮ್ಲವಿರುವ 'ಸೆಂಟೆನಿಯಲ್' ಹಾಪ್ಸ್ 25 ಗ್ರಾಂ ಹಾಕಿದರೆ ಆಮ್ಲ 2500 ಮಿಲಿಗ್ರಾಂ; ಒಂದು ಗಂಟೆ ಕುದಿಸಿದರೂ ಕಹಿಯಾಗಿ ಉಳಿಯುವುದು ಅದರ ಕಾಲುಭಾಗಕ್ಕೂ ಕಡಮೆ. 19ರಿಂದ ಭಾಗಿಸಿ, ಲೀಟರಿಗೆ ಸುಮಾರು 30. ಕೊನೆಯ ಹತ್ತು ನಿಮಿಷಕ್ಕೆ ಕ್ಯಾಸ್ಕೇಡ್ 30 ಗ್ರಾಂ, ಅದರಿಂದ ಇನ್ನೊಂದು 8. ಒಲೆ ಆರಿಸಿದ ಮೇಲೆ ಮತ್ತೆ 30 ಗ್ರಾಂ. ಹುದುಗು ಇಳಿದ ಮೇಲೆ, ತಣ್ಣಗಿರುವಾಗಲೇ, 60 ಗ್ರಾಂ ಹಾಕಿ ನಾಲ್ಕು ದಿನ. ಇವೆರಡೂ ಬಹುಮಟ್ಟಿಗೆ ಪರಿಮಳಕ್ಕಾಗಿಯೇ.

ನೀರನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪೋರ್ಟ್‌ಲೆಂಡಿಗೆ ಬರುವ ಬುಲ್ ರನ್ ನೀರು ಬಹಳ ಮೆದು, ಲವಣವೇ ಇಲ್ಲವೆನ್ನಬೇಕು. ಹಾಪ್ಸಿನ ಕಹಿ ಚುರುಕಾಗಿ ನಿಲ್ಲಬೇಕಾದರೆ ಸಲ್ಫೇಟ್ ಬೇಕು. ಜಿಪ್ಸಮ್ಮಿನ ಅಣುತೂಕ 172. ಅದರಲ್ಲಿ ಕ್ಯಾಲ್ಸಿಯಂ 40, ಸಲ್ಫೇಟ್ 96. 27 ಲೀಟರು ನೀರಿಗೆ 10 ಗ್ರಾಂ ಹಾಕಿದರೆ ಲೀಟರಿಗೆ ಸಲ್ಫೇಟ್ 207 ಮಿಲಿಗ್ರಾಂ, ಕ್ಯಾಲ್ಸಿಯಂ 86. ಇಷ್ಟು ವರ್ಷ ತುಟ್ಟಿಭತ್ಯೆಯ ಬಾಕಿ ಬಿಟ್ಟು ಬೇರೇನನ್ನೂ ಗುಣಿಸದ ಕೈ ಇದನ್ನು ಬರೆದಾಗ ನಮಗೇ ಆಶ್ಚರ್ಯವಾಯಿತು. ತಮ್ಮ ನಕ್ಕು, "ಇವತ್ತೂ ಉತ್ತರದ ಕೆಳಗೆ ಎರಡು ಗೆರೆ ಎಳೀತೀಯಲ್ಲಣ್ಣಾ!" ಎಂದ.

ಮುಂದಿನ ಶನಿವಾರ ಹಂಡೆ ಒಲೆಯೇರಿತು. ಮೊದಲ ಹಾಪ್ಸ್ ಹಾಕಿದ ಮೇಲೆ ಐವತ್ತು ನಿಮಿಷ ಮಾಡುವುದೇನೂ ಇಲ್ಲ, ನಿಂತು ಕಾಯುವುದಷ್ಟೇ. ಆಗ ಅವನು ಹಂಡೆಯ ಕಡೆಗೇ ಮುಖ ಮಾಡಿಕೊಂಡು, "ಅಮ್ಮ ಕೊನೇಲಿ ನನ್ನ ಕೇಳಿದ್ರಾ ಅಣ್ಣಾ?" ಎಂದ. ಕೇಳಿದ್ದರು. ಹಿಂದಿನ ರಾತ್ರಿ, "ಅವನಿಗೆ ಅಲ್ಲಿ ಊಟ ಆಯ್ತೋ ಇಲ್ವೋ" ಎಂದಿದ್ದರು. ಬರಲಿಲ್ಲವೆಂದು ದೂರಿದ್ದು ಅವರಲ್ಲ, ನಾವು. ಅದನ್ನು ಹಾಗೆಯೇ ಹೇಳಿದೆವು. "ನಾನು ಆ ಮಾತು ಆಡಬಾರದಿತ್ತು ಕಣೋ" ಎಂದೂ ಹೇಳಿದೆವು. ನಮ್ಮ ಮನೆಯವರು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಕ್ಯಾಸ್ಕೇಡ್ ಹಾಕುವ ಹೊತ್ತು. ಕಣ್ಣೊರೆಸಿಕೊಂಡು ಅವನೇ ತೂಗಿ ಹಾಕಿದ.

ಎರಡು ವಾರ ಹುದುಗಿಸಿ, ಸೀಸೆಗೆ ತುಂಬಿಸಿದ್ದಾಯಿತು. ಸೀಸೆಯಲ್ಲಿ ಅನಿಲ ಕೂಡಿಕೊಳ್ಳಲು ಮತ್ತೆರಡು ವಾರ ಬೇಕು. ನಮ್ಮ ರಜೆ ಉಳಿದದ್ದು ಐದೇ ದಿನ. ಕೇಂದ್ರ ನೌಕರರ 1964ರ ನಡತೆ ನಿಯಮಾವಳಿಯಲ್ಲಿ ಮಾದಕ ಪೇಯಗಳ ವಿಷಯಕ್ಕೆಂದೇ 22ನೆಯ ನಿಯಮವಿದೆ. ಅದನ್ನು ಪರೀಕ್ಷಿಸುವ ಸಂದರ್ಭವೇ ಬರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ಅಲ್ಲಿ ಇನ್ನೂ ಶನಿವಾರದ ರಾತ್ರಿ. ಹಬ್ಬವೇನೂ ಇರಲಿಲ್ಲ. "ಅಣ್ಣಾ, ಚಕ್ಕೋತದ ವಾಸನೆ ಬಂತು! ಕಹಿ ಮಾತ್ರ ಒಂದು ಚೂರು ಜಾಸ್ತಿ" ಎಂದ. ಇಪ್ಪತ್ತೈದನ್ನು ಇಪ್ಪತ್ತು ಗ್ರಾಂ ಮಾಡು ಎಂದೆವು. "ಅತ್ತಿಗೇಗೆ ಕೊಡು" ಎಂದ. ಆ ಮೇಲೆ ಮುಕ್ಕಾಲು ಗಂಟೆ ನಮಗೆ ಫೋನು ಸಿಗಲಿಲ್ಲ.